ಹೆಬ್ಬೂರಿನ ಓಬಳಮ್ಮನ ಕೈ

ಓಬಳಮ್ಮನವರನ್ನು ನಾನು ಮೊದಲು ನೋಡಿದ್ದು ಅವರನ್ನು ಪೊಲೀಸರಿಗೆ ಹಿಡಿದುಕೊಡಲು ಹೊರಟ ದಿನ.

ಎರಡು ವರ್ಷದ ಹಿಂದಿನ ಮಾತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ರಸ್ತೆಯ ನಾಗರಿಕರ ಸಂಘಕ್ಕೆ ನಾನು ಕಾರ್ಯದರ್ಶಿ. ಸಂಘದಲ್ಲಿ ಹನ್ನೊಂದು ಜನ ಇದ್ದಾರೆ. ಸಭೆಗೆ ಬರುವವರು ಮೂವರು, ಅದರಲ್ಲಿ ಒಬ್ಬರು ಕಾಫಿಗೆ. ಆದರೂ ಹುದ್ದೆ ಹುದ್ದೆಯೇ. ಅವತ್ತು ಬೆಳಿಗ್ಗೆ ಏಳು ಗಂಟೆಗೆ ಪಕ್ಕದ ಮನೆಯ ಬಚ್ಚಲಿನಿಂದ ಛಟ್ ಛಟ್ ಎಂದು ಹೊಡೆಯುವ ಸದ್ದು ಬಂತು. ಜೊತೆಗೆ ಎಳೇ ಮಗುವಿನ ಕಿರುಚಾಟ. ಅದರ ಮೇಲೆ ಒಂದು ಹೆಂಗಸಿನ ದನಿ: "ಸುಮ್ಕೆ ಬಿದ್ಕೋ! ಇನ್ನೆರಡು ಬಿದ್ರೆ ನೀನೇ ಸರಿಹೋಯ್ತೀಯ!"

ನಾನು ಛತ್ರಿ ತೆಗೆದುಕೊಂಡು ಹೊರಟೆ. ಮಳೆ ಇರಲಿಲ್ಲ. ಆದರೆ ಇಂಥ ವಿಚಾರಣೆಗೆ ಕಾರ್ಯದರ್ಶಿಯಾದವನು ಬರಿಗೈಯಲ್ಲಿ ಹೋಗುವುದು ಚೆನ್ನಾಗಿರುವುದಿಲ್ಲ. ಬಾಗಿಲು ತೆರೆದದ್ದು ಅರವತ್ತರ ಹತ್ತಿರದ ಒಬ್ಬ ಹೆಂಗಸು. ಸೀರೆಯನ್ನು ಎತ್ತಿ ಕಟ್ಟಿದ್ದರು, ಮೊಣಕೈವರೆಗೆ ಎಣ್ಣೆ ಮಿಂಚುತ್ತಿತ್ತು.

"ಒಳಗೆ ಹೊಡೀತಿರೋದು ಯಾರು?" ಎಂದೆ.

"ನಾನೇ ಸಾರ್."

"ಯಾಕೆ?"

"ಎಣ್ಣೆ ಇಳೀಬೇಕಲ್ಲ."

ನಾನು ಪೊಲೀಸು, ಕಾನೂನು ಎಂದೆಲ್ಲ ಎರಡು ಮಾತಾಡಿದೆ ಅಂತ ಕಾಣುತ್ತೆ. ಆಕೆ ನನ್ನ ಛತ್ರಿಯನ್ನು ಒಂದು ಸಲ ನೋಡಿ ಒಳಗೆ ತಿರುಗಿ ಕೂಗಿದರು. "ಸುಶ್ಮಿತಾ, ಪಕ್ಕದ್ಮನೆ ಪೊಲೀಸ್ ಸಾರ್ ಬಂದವ್ರೆ. ನಿನ್ ಮಗೀನ ಅರೆಸ್ಟ್ ಮಾಡ್ತಾರಂತೆ. ಟವಲ್ ಸುತ್ತಿ ಕೊಡ್ಲಾ?"

ಓಬಳಮ್ಮ ಬಾಣಂತಿ ಮತ್ತು ಕೂಸಿಗೆ ಎಣ್ಣೆ ನೀವಿ ನೀರು ಹಾಕುವವರು. ಊರು ಹೆಬ್ಬೂರು. ಮುಂಜಾನೆಯ ಮೊದಲ ಬಸ್ಸಿಗೆ ತುಮಕೂರಿಗೆ ಬಂದು, ಮೂರು ಮನೆಯ ಬಚ್ಚಲು ಮುಗಿಸಿ, ಊಟದ ಹೊತ್ತಿಗೆ ವಾಪಸ್ ಹೋಗುತ್ತಾರೆ. ಇದು ನಮ್ಮ ರಸ್ತೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಕಾರ್ಯದರ್ಶಿ ಒಬ್ಬನನ್ನು ಬಿಟ್ಟು. ಅವತ್ತಿನಿಂದ ನಾನು ಅವರಿಗೆ ಪೊಲೀಸ್ ಸಾರ್. ಗೇಟಿನ ಹತ್ತಿರ ಕಂಡರೆ ಸಾಕು, "ಇವತ್ತು ಎಷ್ಟು ಕೇಸು ಸಾರ್?" ಎಂದು ಕೇಳಿಕೊಂಡೇ ಹೋಗುವರು.

ಹೋದ ವರ್ಷ ನನ್ನ ಮಗಳು ಯಶಸ್ವಿನಿ ಹೆರಿಗೆಗೆ ನಮ್ಮ ಮನೆಗೆ ಬಂದಳು. ಹೆಣ್ಣು ಮಗು. ನನ್ನ ಹೆಂಡತಿ ಸುಧಾ, "ಓಬಳಮ್ಮನ್ನ ಕರೀರಿ" ಎಂದಳು. ನಾನು ಬೇಡ ಎಂದೆ. ಮನೆಯಲ್ಲಿ ಗೀಸರ್ ಇದೆ, ಮಕ್ಕಳ ಡಾಕ್ಟರು ಇದ್ದಾರೆ, ಇಪ್ಪತ್ತೊಂದನೇ ಶತಮಾನ ನಡೆಯುತ್ತಿದೆ ಎಂದು ಹತ್ತು ನಿಮಿಷ ಮಾತಾಡಿದೆ. ಕಾರಣ ವೈಜ್ಞಾನಿಕ ಎಂದೂ ಹೇಳಿದೆ. ನಿಜವಾದ ಕಾರಣ ಆ ಛತ್ರಿ.

ಯಶಸ್ವಿನಿಗೆ ಕುಣಿಗಲ್‌ನಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ನಾಲ್ಕು ವರ್ಷ ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಹಿಡಿದ ಕೆಲಸ. ಆರು ತಿಂಗಳ ರಜೆ ಮುಗಿಸಿ ಮೊದಲ ದಿನ ಕುಣಿಗಲ್ ಬಸ್ ಹತ್ತಿದವಳು ಗೂಳೂರು ದಾಟಿ ನಾಗವಲ್ಲಿ ಬರುವ ಹೊತ್ತಿಗೆ ಕೈಕಾಲು ತಣ್ಣಗಾಗಿ, ಎದೆ ಡವಡವ ಹೊಡೆದುಕೊಂಡು, ಉಸಿರೇ ಸಿಕ್ಕದಂತಾಗಿ, ಬಸ್ ನಿಲ್ಲಿಸಿ ಇಳಿದುಬಿಟ್ಟಳು. ಹಾರ್ಟ್ ಅಟ್ಯಾಕ್ ಎಂದೇ ತಿಳಿದು ಆಸ್ಪತ್ರೆಗೆ ಓಡಿದೆವು. ಇಸಿಜಿ ಸರಿಯಾಗಿತ್ತು. ಎರಡನೆ ದಿನ ಗೂಳೂರಿಗೇ ಇಳಿದಳು. ಮೂರನೆ ದಿನ ಬಸ್‌ಸ್ಟಾಂಡಿನಿಂದಲೇ ವಾಪಸ್. ಆಮೇಲೆ ರಾತ್ರಿ ನಿದ್ದೆ ಹೋಯಿತು. ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಗಂಟೆಗೊಮ್ಮೆ ಅದರ ಮೂಗಿನ ಹತ್ತಿರ ಬೆರಳು ಹಿಡಿಯುವಳು.

ಮನೋವೈದ್ಯೆ ಇದು ಆಂಗ್ಸೈಟಿ ಎಂದರು. "ಹೃದಯಕ್ಕೆ ಏನೂ ಆಗಿಲ್ಲ. ಮಾತ್ರೆ ಕೊಡ್ತೀನಿ, ನಿಧಾನಕ್ಕೆ ಕೆಲಸ ಮಾಡುತ್ತೆ. ಮೈ ಸಡಿಲ ಆಗೋಕೆ ಮಸಾಜು, ಉಸಿರಾಟ, ಏನು ಹಿತವೋ ಅದೂ ಇರಲಿ, ಮಾತ್ರೆ ಜೊತೆಗೆ. ಬಸ್ ಹತ್ತೋದು ಮಾತ್ರ ಬಿಡಿಸಬೇಡಿ. ಒಂದೊಂದೇ ಸ್ಟಾಪ್ ಆದರೂ ಸರಿ."

"ದಿನಾ ನಾನೇ ಕಾರಲ್ಲಿ ಬಿಡ್ತೀನಲ್ಲ ಮೇಡಂ" ಎಂದೆ.

"ರಿಟೈರ್ ಆಗೋವರೆಗೂನಾ? ಅವರಾ, ನೀವಾ?" ಎಂದರು.

ಕಚೇರಿಯವರು ಒಂದು ತಿಂಗಳ ಮೇಲೆ ರಜೆ ಇಲ್ಲ ಎಂದರು. ಇನ್ನೂ ಪ್ರೊಬೇಷನ್ ಮುಗಿಯದ ನೌಕರಿ. ಗುಬ್ಬಿಯಲ್ಲಿ ಅಂಗಡಿ ಇಟ್ಟಿರುವ ಅಳಿಯ ಲಕ್ಷ್ಮೀಕಾಂತ್ ಒಳ್ಳೆಯವನು. "ಅಷ್ಟು ಕಷ್ಟ ಆದ್ರೆ ಬಿಟ್ಬಿಡು, ನಡೆಯುತ್ತೆ" ಎಂದ. ಪ್ರೀತಿಯಿಂದಲೇ ಹೇಳಿದ ಮಾತು. ಯಶಸ್ವಿನಿ ರಾಜೀನಾಮೆ ಪತ್ರ ಬರೆದು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಳು. ತಾರೀಖು ಮಾತ್ರ ಹಾಕಿರಲಿಲ್ಲ. ಆ ಕಾಗದವನ್ನು ಸುಧಾ ನೋಡಿ, ಇದ್ದ ಹಾಗೇ ಮಡಿಸಿಟ್ಟು, ಅಡುಗೆಮನೆಯಲ್ಲಿ ಕೂತು ಅತ್ತಳು.

ನಾನು ಸುಮ್ಮನಿರುವ ಪೈಕಿ ಅಲ್ಲ. ಬಿಪಿ ಮಿಷನ್ ತಂದೆ. ದಿನಕ್ಕೆ ಮೂರು ಸಲ ಮಗಳ ತೋಳಿಗೆ ಕಟ್ಟಿ ನೋಟ್‌ಬುಕ್ಕಿನಲ್ಲಿ ಬರೆದೆ. ಫೋನಿಗೆ ಉಸಿರಾಟದ ಆಪ್ ಹಾಕಿಸಿದೆ. ಅರ್ಧ ಗಂಟೆಗೊಮ್ಮೆ "ಈಗ ಹೆಂಗನ್ಸುತ್ತೆ?" ಎಂದು ವಿಚಾರಿಸಿದೆ. ಪಟ್ಟಣದಲ್ಲಿ ಹೊಸದಾಗಿ ತೆರೆದಿದ್ದ ರಿಲ್ಯಾಕ್ಸೇಶನ್ ಸೆಂಟರಿಗೂ ಕರೆದುಕೊಂಡು ಹೋದೆ. ಅಲ್ಲಿ ನೀಲಿ ದೀಪ, ಕೊಳಲಿನ ಸಿ.ಡಿ., ತೆಳ್ಳಗಿನ ದನಿಯ ಒಬ್ಬ ಹುಡುಗಿ. ಕಣ್ಣು ಮುಚ್ಚಿ ಸಮುದ್ರದ ದಡದಲ್ಲಿದ್ದೀನಿ ಅಂದುಕೊಳ್ಳಿ ಎಂದು ಹೇಳಿಕೊಟ್ಟಳಂತೆ. ನನ್ನ ಮಗಳು ಸಮುದ್ರ ಕಂಡಿರುವುದು ಜೀವಮಾನದಲ್ಲಿ ಒಂದೇ ಸಲ, ಹೈಸ್ಕೂಲ್ ಟೂರಿನಲ್ಲಿ. ಆಗ ಹೊಸ ಚಪ್ಪಲಿ ಅಲೆಯಲ್ಲಿ ಹೋಗಿ, ಬರಿಗಾಲಲ್ಲಿ ತುಮಕೂರಿನವರೆಗೂ ಬಂದಿದ್ದಳು. "ಅಪ್ಪಾ, ಒಂದು ಗಂಟೆ ಪೂರ್ತಿ ಆ ಚಪ್ಪಲಿ ಹುಡುಕಿದೆ" ಎಂದಳು.

ಕೊನೆಗೆ ಸುಧಾ, "ನೀವಾಗಿ ಹೋಗಿ ಕರೀತೀರೋ, ನಾನು ಹೋಗಲೋ?" ಎಂದಳು. ನಾನೇ ಹೋದೆ. ಓಬಳಮ್ಮ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದರು. ವಿಷಯ ಹೇಳಿದೆ. ಛೇಡಿಸುತ್ತಾರೆ ಎಂದುಕೊಂಡಿದ್ದೆ, ಛೇಡಿಸಲಿಲ್ಲ.

"ಮಗೀಗೆ ಎಷ್ಟು ತಿಂಗ್ಳು?"

"ಆರು ತುಂಬಿದೆ. ಬಾಣಂತನ ಮುಗಿದುಹೋಗಿದೆ, ಈಗ ಹಾಕಬಹುದಾ ಅಂತ..."

"ಮುಗೀತು ಅಂತ ಯಾರ್ ಹೇಳಿದ್ದು? ಮೈ ಹೇಳ್ತಾ?" ಎಂದು ಸಿಪ್ಪೆ ಕೊಡವಿಕೊಂಡು ಎದ್ದರು. "ಹಂಡೆ ಐತಾ ಮನೇಲಿ?"

ನಮ್ಮದು ಹಳೇ ಮನೆ. ಹಿತ್ತಲಲ್ಲಿ ಒಲೆಯ ಬಚ್ಚಲು ಇನ್ನೂ ಇದೆ, ತಾಮ್ರದ ಹಂಡೆಯೂ ಇದೆ. ಅದರಲ್ಲಿ ಸಂಘದ ಹಳೆಯ ಕಡತಗಳಿದ್ದವು. ಓಬಳಮ್ಮ ಅವನ್ನು ಎತ್ತಿ ಹೊರಗಿಟ್ಟು, "ಇವೂ ಒಲೆಗಾಯ್ತವೆ" ಎಂದರು. ಗೀಸರ್ ನೀರು ಅವರಿಗೆ ಆಗದು. ಅದು ಐದು ನಿಮಿಷಕ್ಕೆ ಕಾಯುತ್ತದೆ, ಐದು ನಿಮಿಷಕ್ಕೆ ಮುಗಿಯುತ್ತದೆ, ಅವಸರದ ನೀರು ಎಂಬುದು ಅವರ ದೂರು.

ಮೊದಲ ದಿನವೇ ಅವರು ಯಶಸ್ವಿನಿಯನ್ನು ಹಜಾರದಲ್ಲಿ ಕೂರಿಸಿ, ಅವಳ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಭುಜದ ಮಟ್ಟಕ್ಕೆ ಎತ್ತಿ, ತಟ್ಟನೆ ಬಿಟ್ಟರು. ಕೈ ಬೀಳಲಿಲ್ಲ. ಹಾಗೇ ಗಾಳಿಯಲ್ಲಿ ನಿಂತಿತು. ಯಶಸ್ವಿನಿಯೂ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

"ಕೈ ಬುಡು ಮಗಾ."

"ಬಿಟ್ಟಿದ್ದೀನಲ್ಲ ಅಜ್ಜಿ."

"ಬುಟ್ಟಿದ್ರೆ ಬೀಳ್ತಿತ್ತು. ಕೂಸಿನ ಕೈ ಎತ್ತಿ ಬುಟ್ಟು ನೋಡು, ಥಪ್ ಅಂತ ಬೀಳ್ತದೆ. ನೀನು ನಿನ್ ಕೈಯ ನೀನೇ ಹಿಡ್ಕಂಡು ಕುಂತಿದೀಯ."

ಇದೇನು ದೊಡ್ಡ ವಿಷಯ ಎಂದು ನಾನೂ ನಕ್ಕು ನನ್ನ ಕೈ ಕೊಟ್ಟೆ. ಎತ್ತಿ ಬಿಟ್ಟರು. ನನ್ನ ಕೈ ಮಗಳದ್ದಕ್ಕಿಂತ ಒಂದು ಗೇಣು ಮೇಲೆಯೇ ನಿಂತಿತು. "ಪೊಲೀಸ್ ಸಾರು ಟ್ರಾಫಿಕ್ ನಿಲ್ಸಿದ್ರು" ಎಂದರು ಓಬಳಮ್ಮ. ಯಶಸ್ವಿನಿ ಎಷ್ಟೋ ದಿನದ ಮೇಲೆ ಕಿಸಕ್ಕನೆ ನಕ್ಕಳು.

ಅವರು ಹಾಕಿದ್ದು ಎರಡೇ ಕಟ್ಟಳೆ. ಡಾಕ್ಟರಮ್ಮನ ಮಾತ್ರೆ ಒಂದೂ ತಪ್ಪಬಾರದು. "ನನ್ ಕೈಗೆ ಮೈ ಗೊತ್ತು ಸಾರ್, ತಲೆ ಒಳಗಿಂದು ಅವ್ರಿಗೇ ಗೊತ್ತು." ಇನ್ನೊಂದು, ಮನೆಯಲ್ಲಿ ಯಾರೂ ಅವಳನ್ನು ಹೇಗಿದ್ದೀಯ ಎಂದು ಕೇಳಕೂಡದು. ಆ ಮಾತು ಹೇಳುವಾಗ ನನ್ನೊಬ್ಬನ ಮುಖವನ್ನೇ ನೋಡುತ್ತಿದ್ದರು. ಬಿಪಿ ಮಿಷನ್ನು ಅಟ್ಟಕ್ಕೆ ಹೋಯಿತು. ನನ್ನನ್ನು ಒಲೆಯ ಮುಂದೆ ಕೂರಿಸಿದರು. ತೆಂಗಿನ ಮಟ್ಟೆ, ಚಿಪ್ಪು ತುರುಕುತ್ತ ಉರಿ ಏರದಂತೆ, ಆರದಂತೆ ನೋಡಿಕೊಳ್ಳುವ ಕೆಲಸ. "ಕೈಗೊಂದು ಕೆಲ್ಸ ಇದ್ರೆ ಬಾಯಿ ಸುಮ್ಕಿರ್ತದೆ" ಎಂದರು.

ನೀರು ಕಾಯುವವರೆಗೆ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಎಣ್ಣೆ ಬೆಚ್ಚಗೆ ಮಾಡುತ್ತಿದ್ದರು. ಅವರ ಕಥೆ ನನಗೆ ಸಿಕ್ಕಿದ್ದು ಆ ಹೊತ್ತಿನಲ್ಲಿ, ತುಣುಕು ತುಣುಕಾಗಿ. ಹುಟ್ಟಿದ್ದು ಗೂಳೂರಿನ ಹತ್ತಿರದ ಹಳ್ಳಿ. ಹೆಬ್ಬೂರಿಗೆ ಸೊಸೆಯಾಗಿ ಬಂದಾಗ ಹದಿನೆಂಟು ವರ್ಷ. ನೀರು ಹಾಕುತ್ತಿದ್ದವರು ಅತ್ತೆ ಸಿದ್ದಲಕ್ಷ್ಮಮ್ಮ. ಆಕೆ ಸೊಸೆಯ ಕೈಯನ್ನು ಪರೀಕ್ಷೆ ಮಾಡಿದ್ದು ರಾಗಿ ಮುದ್ದೆಯಲ್ಲಿ. ಒಂದು ವರ್ಷ ದಿನಾ ಮುದ್ದೆ ತೊಳಸಿಸಿ, ಮುರಿದು ನೋಡಿ, ಒಂದು ಗಂಟು ಸಿಕ್ಕಿದರೂ, "ಇನ್ನೂ ಮನುಷ್ಯರ ಮೈ ಮುಟ್ಟಬೇಡ" ಎನ್ನುತ್ತಿದ್ದರಂತೆ.

"ಮೈಯಾಗಿನ ಗಂಟೂ ಹಂಗೇಯ ಸಾರ್. ಮೇಲಿಂದ ಅಮುಕಿದ್ರೆ ಒಡೆಯಾಕಿಲ್ಲ, ಇನ್ನೂ ಗಟ್ಟಿ ಆಯ್ತದೆ. ಸುತ್ತಾ ಬಂದು ಬಂದು, ಅದಕ್ಕೇ ಬೇಜಾರಾಗಿ ಬುಡಬೇಕು."

ಎರಡನೆಯ ಹೆರಿಗೆಯಲ್ಲಿ ಓಬಳಮ್ಮನಿಗೂ ಹೀಗೇ ಆಗಿತ್ತಂತೆ. ಕೂಸಿನ ಮೂಗಿಗೆ ಬೆರಳು ಹಿಡಿದು ಬೆಳಗು ಮಾಡುವುದು, ಬಾವಿ ಹತ್ತಿರ ಹೋದರೆ ಮಗು ಬಿದ್ದುಹೋಯಿತು ಎಂದು ಎದೆ ಒಡೆದುಕೊಳ್ಳುವುದು. ಮಗು ಮನೆಯಲ್ಲಿ ತೊಟ್ಟಿಲಲ್ಲಿ ಇರುತ್ತಿತ್ತು. ಕೆಲವರು ದೆವ್ವ ಎಂದರು. ಅತ್ತೆ ಯಾರ ಮಾತೂ ಕೇಳದೆ ಎರಡು ತಿಂಗಳು ಎಣ್ಣೆ ನೀವಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಕಂಬಳಿ ಹೊದಿಸಿ ಮಲಗಿಸಿದರಂತೆ.

"ಅದ್ರಿಂದ ವಾಸಿ ಆಯ್ತಾ?"

"ಅದ್ರಿಂದ ನಿದ್ದೆ ಬಂತು. ನಿದ್ದೆ ಬಂದ್ಮೇಲೆ ಒಸಿ ವಾಸಿ ಆಯ್ತು. ಆಗ ಈ ಡಾಕ್ಟರಮ್ಮ ಇದ್ದಿದ್ರೆ ಬೇಗ ಆಗೋದೇನೋ. ಉರಿ ನೋಡಿ ಸಾರ್, ಹೊಗೆ ಬತ್ತಾ ಅದೆ."

ದಿನಾ ನಾನು ಒಲೆಯ ಮುಂದೆ, ಅವರು ಗೋಡೆಯ ಆಚೆ ಬಚ್ಚಲಲ್ಲಿ. ನನಗೆ ಕೇಳುತ್ತಿದ್ದುದು ಸದ್ದು ಮಾತ್ರ. ಎಣ್ಣೆ ಕೈ ಜಾರುವ ಸದ್ದು, ಬೆನ್ನಿಗೆ ಛಟ್ ಛಟ್, ಚೊಂಬಿನಲ್ಲಿ ನೀರು ಎರೆಯುವ ಸದ್ದು. ನಡುವೆ, "ಬುಡು ಮಗಾ." "ಬಿಟ್ಟೆ ಅಜ್ಜಿ." "ಊಹೂಂ." ನಾಲ್ಕನೆಯ ದಿನಕ್ಕೆ ಯಶಸ್ವಿನಿಗೆ ಮಧ್ಯಾಹ್ನ ಎರಡು ಗಂಟೆ ಹೊತ್ತು ನಿದ್ದೆ ಬಂತು. ಆರನೆಯ ದಿನ ಮತ್ತೆ ಬರಲಿಲ್ಲ. ನಾನು ಕೇಳುವ ಹಾಗಿರಲಿಲ್ಲವಲ್ಲ, ಆದ್ದರಿಂದ ಅವಳ ಬಾಗಿಲ ಮುಂದೆ ಹನ್ನೆರಡು ಸಲ ಕೆಮ್ಮಿಕೊಂಡು ಓಡಾಡಿದೆ. ಸುಧಾ ಬಂದು, "ಕೆಮ್ಮಿದ್ರೂ ಕೇಳಿದ ಹಾಗೇ" ಎಂದಳು.

ಹನ್ನೊಂದನೆಯ ದಿನ ಬಚ್ಚಲಿನಿಂದ ದೊಡ್ಡದಾಗಿ ಥಪ್ ಎಂದಿತು. ಹಿಂದೆಯೇ ಪಾತ್ರೆ ಉರುಳಿದ ಸದ್ದು. ನಾನು ಎದ್ದು ನಿಂತು "ಏನಾಯ್ತು? ಏನಾಯ್ತು?" ಎಂದು ಗೋಡೆ ಬಡಿದೆ.

"ಕೈ ಬಿತ್ತು ಸಾರ್! ಎಣ್ಣೆ ಬಟ್ಲು ಚೆಲ್ಲೋಯ್ತು!" ಒಳಗಿನಿಂದ ಓಬಳಮ್ಮ ಕೂಗಿದರು. "ಹೋಗ್ಲಿ ಬುಡಿ, ನಿಮ್ದೇ ಎಣ್ಣೆ!"

ಕೈ ಬಿದ್ದ ಮಾತ್ರಕ್ಕೆ ಕುಣಿಗಲ್ ಬರುವುದಿಲ್ಲ. ನಿದ್ದೆ ಕುದುರಿತು, ಮೂಗಿಗೆ ಬೆರಳು ಹಿಡಿಯುವುದು ಕಡಿಮೆಯಾಯಿತು. ಡಾಕ್ಟರು ಹೇಳಿದಂತೆ ಸುಧಾ ಜೊತೆಗೆ ಗೂಳೂರಿನವರೆಗೆ ಎರಡು ಸಲ ಬಸ್ಸಿನಲ್ಲಿ ಹೋಗಿಯೂ ಬಂದಳು. ನಾಗವಲ್ಲಿ ಎಂದರೆ ಮಾತ್ರ ಮುಖ ಬಿಳಿಚಿಕೊಳ್ಳುತ್ತಿತ್ತು. ಕಚೇರಿ ಕೊಟ್ಟ ಗಡುವು ಸೋಮವಾರ. ಭಾನುವಾರ ಬೆಳಿಗ್ಗೆ ಬೀರುವಿನ ಕಾಗದ ಮೇಜಿನ ಮೇಲೆ ಬಂದಿತ್ತು, ಪಕ್ಕದಲ್ಲಿ ಪೆನ್ನು. ಯಶಸ್ವಿನಿಯ ತಲೆ ಒರೆಸಲು ಹಜಾರಕ್ಕೆ ಬಂದ ಓಬಳಮ್ಮ ಅದನ್ನು ನೋಡಿದರು. ಅವರಿಗೆ ಓದು ಅಷ್ಟಕ್ಕಷ್ಟೆ. ಯಶಸ್ವಿನಿಯೇ ಹೇಳಿದಳು, ಇದು ಇಂಥದ್ದು ಎಂದು.

"ನಾಳೆ ನಾನು ಊರಿಗೆ ಬೇಗ ಹೋಗ್ಬೇಕು. ಎಂಟೂವರೆ ಬಸ್ಸು. ನಿಂದೂ ಅದೇ ತಾನೆ? ಜೊತೇಲಿ ಬಾ, ನಂಗೂ ಬೇಜಾರು" ಎಂದರು. "ಇದು ನಾಳಿದ್ದೂ ಕೊಡಬೌದು. ಕಾಗ್ದ ಹಳಸಾಕಿಲ್ಲ."

ಬೇಗ ಹೋಗುವ ಕೆಲಸ ಏನೂ ಇರಲಿಲ್ಲ. ಇನ್ನೆರಡು ಮನೆಯವರಿಗೆ ಸೋಮವಾರ ಬರಲ್ಲ ಎಂದು ಹೇಳಿದ್ದನ್ನು ಪಕ್ಕದ ಮನೆಯ ಸುಶ್ಮಿತಾಳ ಬಾಯಲ್ಲಿ ಆಮೇಲೆ ಕೇಳಿದೆ.

ಸೋಮವಾರ ನಾನೂ ಅದೇ ಬಸ್ಸನ್ನು ಹಿಂಬಾಗಿಲಿನಿಂದ ಹತ್ತಿ, ಕೊನೆಯ ಸೀಟಿನಲ್ಲಿ ಪೇಪರು ಬಿಚ್ಚಿ ಹಿಡಿದು ಕೂತೆ. ಗುಟ್ಟಾಗಿ ಕೂತಿದ್ದೇನೆ ಎಂಬ ಭರವಸೆ ನನಗಿತ್ತು. ಕಂಡಕ್ಟರ್ ಬಂದು, "ಸಾರ್, ಪೇಪರ್ ತಲೆಕೆಳಗಾಗಿದೆ" ಎಂದ. ಪೇಪರಿನ ಅಂಚಿನಿಂದ ನನಗೆ ಮೂರನೆಯ ಸೀಟು ಕಾಣುತ್ತಿತ್ತು. ಯಶಸ್ವಿನಿ ಕಿಟಕಿಯ ಕಡೆ, ಓಬಳಮ್ಮ ಈ ಕಡೆ. ಗೂಳೂರು ದಾಟಿದ ಮೇಲೆ ಓಬಳಮ್ಮ ಅವಳ ಅಂಗೈ ಎಳೆದುಕೊಂಡು ಹೆಬ್ಬೆರಳಿನ ಬುಡದಲ್ಲಿ ತಮ್ಮ ಹೆಬ್ಬೆರಳು ಊರಿದರು. ನಾಗವಲ್ಲಿಯ ಹತ್ತಿರ ಯಶಸ್ವಿನಿಯ ಭುಜ ಕಿವಿಯವರೆಗೆ ಏರಿದ್ದನ್ನು ಕಂಡೆ. ನಾನೂ ಎದ್ದು ನಿಂತೆ. ಬಸ್ಸು ನಿಂತಿತು, ನಾಲ್ಕು ಜನ ಇಳಿದರು. ಅವಳು ಇಳಿಯಲಿಲ್ಲ. ಓಬಳಮ್ಮನ ಹೆಬ್ಬೆರಳು ಅಲ್ಲೇ ಇತ್ತು. ಬಸ್ಸು ಹೊರಟಿತು. ನಾನು ಕೂತು, ನನ್ನ ಅಂಗೈಯಲ್ಲಿ ಅದೇ ಜಾಗ ಹುಡುಕಿ ಒತ್ತಿಕೊಂಡೆ. ಹಿತವಾಯಿತು. ಇದರಲ್ಲಿ ಏನೋ ಇದೆ ಎಂದುಕೊಂಡೆ.

ಹೆಬ್ಬೂರಿನಲ್ಲಿ ಓಬಳಮ್ಮ ಎದ್ದು, "ಬತ್ತೀನಿ ಮಗಾ. ಕುಣಿಗಲ್ಲಲ್ಲಿ ಇಳಿದ್ಮೇಲೆ ಅಪ್ಪಂಗೆ ಫೋನ್ ಮಾಡು" ಎಂದು, ಹಿಂದೆ ತಿರುಗಿ ಇಡೀ ಬಸ್ಸಿಗೆ ಕೇಳುವಂತೆ, "ಪೊಲೀಸ್ ಸಾರ್, ಇಳೀರಿ. ನಿಮ್ ಸ್ಟಾಪು ಇದೇ" ಎಂದರು.

"ನಾನು ಕುಣಿಗಲ್‌ಗೆ ಟಿಕೆಟ್ ತಗೊಂಡಿದ್ದೀನಿ" ಎಂದೆ.

"ಹೋದ್ರೆ ಹೋಯ್ತು. ಇಳೀರಿ."

ಯಶಸ್ವಿನಿ ತಿರುಗಿ ನನ್ನನ್ನು ನೋಡಿದಳು. ಮೂಗಿನ ಮೇಲೆ ಬೆವರಿತ್ತು. "ಇಳಿಯಪ್ಪ" ಎಂದಳು. ಇಳಿದೆ. ಬಸ್ಸು ಅವಳೊಬ್ಬಳನ್ನೇ ಕರೆದುಕೊಂಡು ಹೋಯಿತು.

ಓಬಳಮ್ಮನ ಮನೆ ಹತ್ತಿರವೇ. ಅಂಗಳದಲ್ಲಿ ಅವರ ಗಂಡ ನರಸಯ್ಯ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನನಗೊಂದು ಕುರ್ಚಿ ಕೊಟ್ಟು, ಏನೂ ವಿಚಾರಿಸದೆ ಮತ್ತೆ ಹಸುವಿನ ಕಡೆ ಹೋದರು. ಟೀ ಬಂತು. ಕುಣಿಗಲ್ ಅಲ್ಲಿಂದ ಮುಕ್ಕಾಲು ಗಂಟೆಯೂ ಇಲ್ಲ. ಅಷ್ಟರಲ್ಲಿ ಫೋನನ್ನು ಇಪ್ಪತ್ತು ಸಲ ನೋಡಿದೆ, ಟವರ್ ಇದೆಯೇ ಎಂದು ನರಸಯ್ಯನವರನ್ನು ಎರಡು ಸಲ ಕೇಳಿದೆ, ಉಳಿದ ಹೊತ್ತೆಲ್ಲ ಹೆಬ್ಬೆರಳಿನ ಬುಡ ಒತ್ತಿಕೊಂಡೆ. ಒಂಬತ್ತೂ ಮುಕ್ಕಾಲಿಗೆ ಫೋನ್ ಬಂತು.

"ಅಪ್ಪಾ, ಇಳಿದೆ. ಮಧ್ಯದಲ್ಲಿ ಒಂದ್ಸಲ ಬಂತು. ಬಂದು ಹೋಯ್ತು. ಆಫೀಸ್ ಮುಂದೆ ನಿಂತಿದೀನಿ. ಇನ್ನೂ ಬೀಗಾನೇ ತೆಗ್ದಿಲ್ಲ, ಒಬ್ರೂ ಬಂದಿಲ್ಲ."

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ಇನ್ನೂ ಇದೆ, ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುತ್ತಾಳೆ. ಒಂದೆರಡು ದಿನ ನಾಗವಲ್ಲಿಯಲ್ಲಿ ಇಳಿದು, ನೀರು ಕುಡಿದು, ಮುಂದಿನ ಬಸ್ ಹತ್ತಿದ್ದೂ ಇದೆ. ರಾಜೀನಾಮೆ ಕಾಗದವನ್ನು ಒಲೆಗೆ ಹಾಕಿದ್ದು ನಾನೇ, ಅವಳು ತಂದುಕೊಟ್ಟ ಮೇಲೆ.

ಆದರೆ ಅವತ್ತು, ಆ ಫೋನ್ ಇಟ್ಟ ಗಳಿಗೆಯಲ್ಲಿ, ನನಗೆ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಕಾರ್ಯದರ್ಶಿಯಾದೆ. ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ಹತ್ತು ಜನಕ್ಕೆ ಉಪಯೋಗವಾಗಬೇಕು ಎಂದು ಜೇಬಿನಿಂದ ಪೆನ್ನು ತೆಗೆದೆ. ನನ್ನ ಅಂಗೈಯನ್ನು ಓಬಳಮ್ಮನ ಮುಂದೆ ಚಾಚಿ, ಒತ್ತಿ ಒತ್ತಿ ಕೆಂಪಾಗಿದ್ದ ಜಾಗವನ್ನು ತೋರಿಸಿ ಕೇಳಿದೆ: "ಓಬಳಮ್ಮ, ನಾಗವಲ್ಲಿ ಹತ್ರ ನೀವು ಒತ್ತಿದ್ರಲ್ಲ, ಇದು ಯಾವ ನರ? ನೇರವಾಗಿ ಎದೆಗೆ ಹೋಗುತ್ತಾ, ತಲೆಗೆ ಹೋಗುತ್ತಾ?"

ಓಬಳಮ್ಮ ನನ್ನ ಅಂಗೈ ನೋಡಿದರು, ನನ್ನನ್ನು ನೋಡಿದರು, ಖಾಲಿ ಟೀ ಲೋಟ ಎತ್ತಿಕೊಂಡರು.

"ನರಾನೂ ಇಲ್ಲ, ಗಿರಾನೂ ಇಲ್ಲ ಸಾರ್. ಮಗು ಹೆದರ್‍ಕಂಡಿತ್ತು, ಕೈ ಹಿಡ್ಕಂಡಿದ್ದೆ."